ಮುಟ್ಟಿದರೆ ಮುನಿಯದ ಪೆಟ್ಟಿಗೆ

ವಾಚಕರೇ, ‘ಕೊಳ್ಳುವ ಮುನ್ನ’ ಎಂಬ ಈ ಅಂಕಣದಲ್ಲಿ ಇದುವರೆಗೆ ಮಿಕ್ಸರು, ನೀರು ಸೋಸುವ ಯಂತ್ರ, ಮೊಣಕಾಲು ನೋವಿನವರ ಕುರ್ಚಿ ಮುಂತಾದವನ್ನು ನನಗೆ ತಿಳಿದ ಮಟ್ಟಿಗೆ ತೂಗಿ ನೋಡಿದ್ದೇನೆ. ಈ ಸಲ ತೂಗಬೇಕಾಗಿ ಬಂದುದು ತೆಳ್ಳನೆಯ ಒಂದು ಲ್ಯಾಪ್‌ಟಾಪು. ತೆರೆಯ ಮೇಲೆ ಬೆರಳಿಟ್ಟರೆ ಸಾಕು, ಹೇಳಿದ ಹಾಗೆ ಕೇಳುವಂಥದು. ಮುಟ್ಟಿದರೆ ಮುನಿ ಎಂಬ ಗಿಡ ನಮ್ಮ ಧಾರವಾಡದ ಹಿತ್ತಲಲ್ಲಿ ಇತ್ತು, ಮುಟ್ಟಿದೊಡನೆ ಮುದುಡಿಕೊಳ್ಳುತ್ತಿತ್ತು. ಇದು ಮುಟ್ಟಿದೊಡನೆ ಅರಳುವ ಜಾತಿ. ಆದರೆ ಅರಳಿದುದೆಲ್ಲ ಮುಡಿಯುವ ಹೂವಲ್ಲ ಎಂಬುದನ್ನು ಹನ್ನೆರಡು ದಿನ ಇಟ್ಟುಕೊಂಡು ನೋಡಿದ ಮೇಲೆ ತಿಳಿದೆ. ಅದನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು ಊರಿನ ಮಾತು. ನಾವಿರುವ ಹಿಂಜವಾಡಿ ಮುಳಶಿ ತಾಲೂಕಿನ ಹಳ್ಳಿ. ಇಲ್ಲಿಯ ದೇವರು ಮ್ಹಾತೋಬಾ. ಆದರೆ ಇಂದು ಹಿಂಜವಾಡಿ ಎಂದರೆ ಜನರ ಕಣ್ಣಿಗೆ ಕಟ್ಟುವುದು ಮ್ಹಾತೋಬನ ಗುಡಿಯಲ್ಲ. ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ನಿಗಮದವರು ಕಟ್ಟಿದ ರಾಜೀವ ಗಾಂಧಿ ಇನ್ಫೋಟೆಕ್ ಪಾರ್ಕು. ಇಲ್ಲಿ ಓಣಿ, ಗಲ್ಲಿ ಎನ್ನುವ ಮಾತಿಲ್ಲ. “ನಿಮ್ಮದು ಯಾವ ಫೇಜು?” ಎಂದು ಕೇಳುತ್ತಾರೆ. ಬೆಳಿಗ್ಗೆ ವಾಕಡದ ಸೇತುವೆಯಿಂದ ಹಿಡಿದು ಮೂರನೆಯ ಫೇಜಿನವರೆಗೆ ವಾಹನಗಳ ಸಾಲು, ಒಂದೊಂದು ವಾಹನದಲ್ಲೂ ಕೊರಳಿಗೆ ಪಟ್ಟಿ ಹಾಕಿಕೊಂಡ ಹುಡುಗ ಹುಡುಗಿಯರು, ಒಬ್ಬೊಬ್ಬರ ಬೆನ್ನಿಗೂ ಒಂದೊಂದು ಚೀಲ, ಚೀಲಕ್ಕೊಂದು ಲ್ಯಾಪ್‌ಟಾಪು. ವಾಕಡದಲ್ಲಿ ಹಾಯುವ ಹೆದ್ದಾರಿ ಸಾತಾರ, ಕೊಲ್ಹಾಪುರ, ಬೆಳಗಾವಿಗಳ ಮೇಲಿಂದ ನಮ್ಮ ಧಾರವಾಡಕ್ಕೇ ಹೋಗುತ್ತದೆ. ಸಂಜೆ ಅಲ್ಲಿ ನಿಂತು ದಕ್ಷಿಣಕ್ಕೆ ಮುಖ ಮಾಡುವುದು ನನ್ನ ಹಳೆಯ ಚಟ.

ನನ್ನ ಮಗಳೂ ಆ ಚೀಲದವರಲ್ಲಿ ಒಬ್ಬಳಾಗಿದ್ದಳು. ಹನ್ನೊಂದು ವರ್ಷ ಒಂದೇ ಕಂಪನಿ. ಹೆಸರು ಬೇಡ, ಹೆಸರು ಹೇಳಿದರೂ ಕಥೆ ಬದಲಾಗುವುದಿಲ್ಲ. ಈ ಸಲ ಅನಂತ ಚತುರ್ದಶಿ ಕಳೆದ ಮೂರನೆಯ ದಿನ ಮಧ್ಯಾಹ್ನ ಕರೆದರು, ಕಾಗದ ಕೊಟ್ಟರು, ಸಂಜೆಯೊಳಗೆ ಲ್ಯಾಪ್‌ಟಾಪನ್ನೂ ಕೊರಳ ಪಟ್ಟಿಯನ್ನೂ ಒಪ್ಪಿಸಿ ಹೋಗು ಎಂದರು. ಅವಳು ಖಾಲಿ ಚೀಲ ಹಿಡಿದು ಮನೆಗೆ ಬಂದಳು. ಚೀಲ ಕೆಳಗಿಡುವಾಗ ಸಪ್ಪಳವಾಗಲಿಲ್ಲ. ಅದರಿಂದಲೇ ನಮಗೆ ತಿಳಿಯಿತು.

ಮನೆಯಲ್ಲಿ ಬೇರೆ ಗಣಕವೇ ಇರಲಿಲ್ಲವೆಂಬುದು ಅಂದಿನ ರಾತ್ರಿ ಗಮನಕ್ಕೆ ಬಂತು. ಹನ್ನೊಂದು ವರ್ಷ ಕಂಪನಿಯ ಪೆಟ್ಟಿಗೆಯನ್ನೇ ನಮ್ಮದೆಂದು ತಿಳಿದಿದ್ದೆವು. ವಿದ್ಯುತ್ ಬಿಲ್ಲು ಅದರಲ್ಲಿ, ಮೊಮ್ಮಗನ ಶಾಲೆಯ ಪಾಠ ಅದರಲ್ಲಿ, ಒಂದಷ್ಟು ಮನೆಯ ಫೋಟೋ ಅದರಲ್ಲಿ. ನಾನೂ ಶನಿವಾರ ಭಾನುವಾರ ಅದನ್ನು ಬೇಡಿ ಈ ಅಂಕಣವನ್ನು ಅದರಲ್ಲೇ ಬಡಿಯುತ್ತಿದ್ದೆ. ನಾಲ್ಕು ವರ್ಷದ ಕರಡೆಲ್ಲ ಅದರೊಡನೆ ಹೋಯಿತು. ಬೇರೆ ಕಡೆಗೆ ನಕಲು ಮಾಡಿಕೊಳ್ಳುವುದಕ್ಕೆ ಅಲ್ಲಿಯ ನಿಯಮ ಬಿಡುವುದಿಲ್ಲವಂತೆ. ಅದು ಅವರ ಸಾಮಾನು, ಅವರ ನಿಯಮ, ತಪ್ಪು ನಮ್ಮದೇ. ಬಾಡಿಗೆ ಮನೆಯ ಹಿತ್ತಲಲ್ಲಿ ಮಾವಿನ ಸಸಿ ನೆಟ್ಟು ಹಣ್ಣಿಗೆ ಕಾದವರ ಹಾಗೆ ಆಯಿತು ನಮ್ಮ ಪಾಡು.

ಹೊಸ ಕೆಲಸ ಹುಡುಕುವುದಕ್ಕೂ ಲ್ಯಾಪ್‌ಟಾಪು ಬೇಕು, ಸಂದರ್ಶನ ನಡೆಯುವುದೂ ಅದರಲ್ಲೇ. ಮರುದಿನವೇ ತಪಕೀರ ಗಲ್ಲಿಗೆ ಹೋಗೋಣ ಎಂದೆ. ನನ್ನ ಮನೆಯಾಕೆ ಅಡ್ಡ ಬಂದಳು: “ಪಿತೃಪಕ್ಷ ನಡದದ. ಘಟಸ್ಥಾಪನಾ ಆಗೂತನಕ ಹೊಸಾ ಸಾಮಾನ ಮನೀಗೆ ತರಬ್ಯಾಡ್ರಿ.” ಇಂಥ ಮಾತಿಗೆ ನಮ್ಮ ಮನೆಯಲ್ಲಿ ಅಪೀಲು ಇಲ್ಲ. ಆ ಹೊತ್ತಿಗೆ ನನ್ನ ತಮ್ಮನ ಮಗ ನೆನಪಾದ. ಎಂಟು ತಿಂಗಳ ಹಿಂದೆ ಅವನು ತೆಳ್ಳನೆಯ ಸ್ಪರ್ಶ ತೆರೆಯ ಲ್ಯಾಪ್‌ಟಾಪನ್ನು ೯೫,೦೦೦ ರೂಪಾಯಿ ಕೊಟ್ಟು ತಂದಿದ್ದ. ಈಗ ಅವನಿಗೆ ಬೇರೆ ಬಂದಿದೆ. “ಘಟಸ್ಥಾಪನೆಯವರೆಗೆ ಅಕ್ಕ ಇಟ್ಟುಕೊಳ್ಳಲಿ. ಮನಸ್ಸಿಗೆ ಬಂದರೆ ೬೮,೦೦೦ ಕೊಡಿ, ಬಾರದಿದ್ದರೆ ಮರಳಿ ಕೊಡಿ” ಎಂದ. ಹಳೆಯ ಸಾಮಾನು ತರುವುದಕ್ಕೆ ಪಿತೃಗಳ ಆಕ್ಷೇಪಣೆ ಇರಲಿಲ್ಲ. ಹೀಗಾಗಿ ನನಗೆ ಹನ್ನೆರಡು ದಿನದ ಪರೀಕ್ಷೆಯ ಅವಕಾಶ ದೊರೆಯಿತು.

ನಾನು ಮೂವತ್ತುನಾಲ್ಕು ವರ್ಷ ಸರಕಾರಿ ಆಫೀಸಿನಲ್ಲಿ ಬೆರಳಚ್ಚುಗಾರನಾಗಿದ್ದವನು. ಯಂತ್ರದ ಒಳಗಿನ ಮರ್ಮ ನನಗೆ ತಿಳಿಯದು. ಆದರೆ ದಿನವೆಲ್ಲ ಯಂತ್ರದ ಮುಂದೆ ಕೂತವನಿಗೆ ಅದರ ಗುಣಾವಗುಣ ಬೆರಳಿಗೆ, ಬೆನ್ನಿಗೆ, ಕಣ್ಣಿಗೆ ತಿಳಿಯುತ್ತದೆ. ಒಳಗಿನ ವಿಷಯವನ್ನು ಮಗಳು ಹೇಳಿದಳು, ಹೊರಗಿನದನ್ನು ನಾನು ನೋಡಿದೆ.

ತೂಕದಿಂದ ಸುರುಮಾಡೋಣ. ೧೯೮೧ರಲ್ಲಿ ಆಡಂ ಆಸ್ಬಾರ್ನ್ ಎಂಬವನು ಹೊತ್ತುಕೊಂಡು ಹೋಗಬಹುದಾದ ಗಣಕವೆಂದು ಒಂದನ್ನು ಮಾರಾಟಕ್ಕೆ ತಂದ. ಈತ ಬಾಲ್ಯವನ್ನು ತಿರುವಣ್ಣಾಮಲೈಯಲ್ಲಿ ಕಳೆದವನು. ಇವನ ತಂದೆ ರಮಣ ಮಹರ್ಷಿಗಳ ಭಕ್ತರು. ಅವನ ಪೆಟ್ಟಿಗೆಯ ತೂಕ ಸುಮಾರು ೧೧ ಕಿಲೋ, ತೆರೆ ಕೇವಲ ೫ ಅಂಗುಲ. ಅಂದರೆ ಹೊರುವವನಿಗೆ ಭಾರ, ನೋಡುವವನಿಗೆ ಹಗುರ! ೨೦೦೮ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಸಭೆಯ ಮುಂದೆ ಕಾಗದದ ಲಕೋಟೆಯೊಳಗಿಂದ ಮ್ಯಾಕ್‌ಬುಕ್ ಏರ್ ಎಂಬುದನ್ನು ಎಳೆದು ತೋರಿಸಿದ. ಅದರ ತೂಕ ೧.೩೬ ಕಿಲೋ. ತೆಳ್ಳಗಿರುವುದೇ ದೊಡ್ಡಸ್ತಿಕೆ ಎಂಬ ಭಾವನೆಗೆ ಆ ಲಕೋಟೆ ಬಹಳ ಪುಷ್ಟಿ ಕೊಟ್ಟಿತು. ನಮ್ಮ ಮನೆಗೆ ಬಂದುದನ್ನು ಅಡಿಗೆಮನೆಯ ತಕ್ಕಡಿಯಲ್ಲಿಟ್ಟೆ: ೧ ಕಿಲೋ ೨೪೦ ಗ್ರಾಮು. ಚಾರ್ಜರು, ಅದರ ತಂತಿ, ಪರದೆಗೆ ಜೋಡಿಸುವ ಬೇರೊಂದು ಕೊಂಡಿ ಇವೆಲ್ಲ ಸೇರಿ ಮತ್ತೆ ೪೧೦ ಗ್ರಾಮು. ತೆಳ್ಳನೆಯ ಮೈಯಲ್ಲಿ ದಪ್ಪ ತಂತಿಗಳಿಗೆ ತೂತು ಇಟ್ಟಿಲ್ಲವಾದ್ದರಿಂದ ಕೊಂಡಿ ಬೇರೆ ಹೊರಬೇಕು. ಅಂಗಡಿಯವನು ಹೇಳುವುದು ಮದುಮಗಳ ತೂಕ. ಹೊರುವವನಿಗೆ ಬೀಳುವುದು ದಿಬ್ಬಣದ ತೂಕ. ಆದರೂ ಒಂದೂವರೆ ಕಿಲೋ ಚಿಲ್ಲರೆ ಎಂದರೆ ಸುಖವೇ ಸರಿ. ಇದಕ್ಕೆ ಪೂರ್ಣ ಅಂಕ ಕೊಟ್ಟೆ.

ಎರಡನೆಯದು ಕೀಲಿಮಣೆ. ಧಾರವಾಡದ ಟೈಪಿಂಗ್ ಶಾಲೆಯಲ್ಲಿ ನಾನು ಕಲಿತ ಯಂತ್ರದಲ್ಲಿ ಗುಂಡಿ ಅರ್ಧ ಅಂಗುಲದಷ್ಟು ಕೆಳಗಿಳಿಯಬೇಕಾಗಿತ್ತು. ಇದರಲ್ಲಿ ಇಳಿಯುವುದು ೧.೩ ಮಿಲಿಮೀಟರ್. ಮೊದಲ ದಿನ ಮೇಜಿಗೇ ಬಡಿಯುತ್ತಿದ್ದೇನೆ ಅನಿಸಿತು. ಮೂರನೆಯ ದಿನಕ್ಕೆ ಬೆರಳು ಒಗ್ಗಿತು. ಪೆಟ್ಟಿಗೆ ತೆಳುವಾದಷ್ಟೂ ಗುಂಡಿಗೆ ಇಳಿಯಲು ಜಾಗ ಕಡಿಮೆ. ಇದು ಲೆಕ್ಕದ ಮಾತು, ಯಾರೂ ತಪ್ಪಿಸಲಾರರು. ಆದುದರಿಂದ ದಿನಕ್ಕೆ ನಾಲ್ಕಾರು ಗಂಟೆ ಬಡಿಯುವವರು ಅಂಗಡಿಯಲ್ಲಿ ನಿಂತೇ ಒಂದು ಪುಟ ಬಡಿದು ನೋಡಬೇಕು. ಅಂಗಡಿಯವನು ಮುಖ ಸಿಂಡರಿಸಿದರೆ ಬೇರೆ ಅಂಗಡಿಗೆ ಹೋಗಬೇಕು.

ಇನ್ನು ಮುಖ್ಯವಾದ ಸ್ಪರ್ಶದ ವಿಷಯ. ಇದು ನಿನ್ನೆ ಮೊನ್ನೆಯ ಹಂಚಿಕೆಯಲ್ಲ. ೧೯೬೫ರಲ್ಲಿಯೇ ಇಂಗ್ಲೆಂಡಿನ ಮಾಲ್ವರ್ನ್ ಎಂಬಲ್ಲಿಯ ರಾಡಾರ್ ಸಂಶೋಧನಾಲಯದ ಇ. ಎ. ಜಾನ್ಸನ್ ಎಂಬವರು ಬೆರಳಿನಿಂದ ಮುಟ್ಟುವ ತೆರೆಯನ್ನು ಕುರಿತು ಬರೆದಿದ್ದರು. ೧೯೮೩ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯವರು ಎಚ್‌ಪಿ–೧೫೦ ಎಂಬ ಗಣಕ ತಂದರು; ಅದರ ತೆರೆಯ ಸುತ್ತ ಕಣ್ಣಿಗೆ ಕಾಣದ ಕೆಂಪಾಚೆಯ ಕಿರಣಗಳ ಬೇಲಿ; ಬೆರಳು ಅಡ್ಡ ಬಂದ ಕಡೆ ಗುರುತು ಹತ್ತುತ್ತಿತ್ತು. ಈಗಿನದರ ಮರ್ಮ ಬೇರೆ. ಗಾಜಿನ ಕೆಳಗೆ ವಿದ್ಯುತ್ತು ಹರಿಯುವ, ಆದರೆ ಪಾರದರ್ಶಕವಾದ ಒಂದು ಲೇಪವನ್ನು ಜಾಲರಿಯಂತೆ ಹರಡಿರುತ್ತಾರೆ. ನಮ್ಮ ಮೈಯೂ ವಿದ್ಯುತ್ತನ್ನು ಸ್ವಲ್ಪ ಹೀರುವ ಪದಾರ್ಥವಾದ್ದರಿಂದ ಬೆರಳು ಹತ್ತಿರ ಬಂದಲ್ಲಿ ಜಾಲರಿಯ ವಿದ್ಯುದಂಶದಲ್ಲಿ ಏರುಪೇರಾಗುತ್ತದೆ. ಅದನ್ನು ಕಂಡು ಯಂತ್ರ ಸ್ಥಳ ಗುರುತಿಸುತ್ತದೆ. ಅದಕ್ಕೇ ಉಗುರಿನಿಂದ ಒತ್ತಿದರೆ ಅದು ಕೇಳುವುದಿಲ್ಲ. ಒದ್ದೆ ಕೈಯಿಂದ ಮುಟ್ಟಿದರೆ ತಬ್ಬಿಬ್ಬಾಗುತ್ತದೆ. ನನ್ನ ಮನೆಯಾಕೆ ಹಿಟ್ಟು ಕಲಸಿದ ಕೈಯಿಂದಲೇ ಒಮ್ಮೆ ಮುಟ್ಟಿ, “ಕನ್ನಡಿ ಒರಸೂದು ಒಂದ ಸಾಲದಾಗಿತ್ತು” ಎಂದು ಸೆರಗಿನಿಂದ ಒರೆಸಿದಳು. ಒರೆಸುವಾಗ ಮೂರು ಕಾಗದ ಮುಚ್ಚಿಹೋದವು.

ಕೂತು ಕೆಲಸ ಮಾಡುವವರಿಗೆ ಇದರಿಂದ ಉಪಕಾರ ಎಷ್ಟು? ಮಗಳು ಇಡೀ ದಿನ ಕೆಲಸ ಮಾಡಿದಾಗ ನಾನು ಪಕ್ಕದಲ್ಲಿ ಕೂತು ಎಣಿಸಿದೆ. ಅವಳು ತೆರೆ ಮುಟ್ಟಿದ್ದು ಏಳು ಸಲ. ಅದರಲ್ಲಿ ಎರಡು ಸಲ ನೊಣ ಓಡಿಸಲು. ಕೀಲಿಮಣೆಯ ಮೇಲಿದ್ದ ಕೈಯನ್ನು ಎತ್ತಿ ಮುಂದಕ್ಕೆ ಚಾಚಿ ಮುಟ್ಟಿ ಹಿಂದೆ ತರುವುದು ಬೆರಳಚ್ಚುಗಾರನ ದೃಷ್ಟಿಯಿಂದ ವ್ಯರ್ಥ ಪ್ರಯಾಣ. ಹೆಚ್ಚು ಹೊತ್ತು ಹೀಗೆ ಮಾಡಿದರೆ ತೋಳು ಸೋಲುತ್ತದೆ. ಈ ಸೋಲಿಗೆ ಗಣಕದವರು ‘ಗೊರಿಲ್ಲಾ ತೋಳು’ ಎಂದು ಹೆಸರಿಟ್ಟು ಎಷ್ಟೋ ಕಾಲವಾಯಿತು. ಮೇಲಾಗಿ ಮುಟ್ಟಿದಾಗಲೆಲ್ಲ ತೆರೆ ತೊಟ್ಟಿಲಿನಂತೆ ತೂಗುತ್ತದೆ. ತೆರೆಯನ್ನು ಪೂರಾ ಹಿಂದಕ್ಕೆ ಮಡಚಿ ಹಲಗೆಯಂತೆ ಹಿಡಿಯಬಹುದಾದ ಜಾತಿಯಲ್ಲಿ ಈ ತೊಂದರೆ ಇಲ್ಲ. ಇದು ಆ ಜಾತಿಯದಲ್ಲ.

ಕನ್ನಡದ ವಿಚಾರವನ್ನೂ ನೋಡಿದೆ. ಕೆ. ಪಿ. ರಾಯರು ಹಾಕಿಕೊಟ್ಟ ಕೀಲಿಮಣೆಯ ವಿನ್ಯಾಸದಲ್ಲಿ, ಅಂದರೆ ‘ನುಡಿ’ ತಂತ್ರಾಂಶದವರು ಬಲ್ಲ ಕ್ರಮದಲ್ಲಿ, ಒತ್ತಕ್ಷರ ಕೂಡಿಸುವ ಗುಂಡಿ ಇಂಗ್ಲಿಷಿನ ಎಫ್. ಭಾರತ ಸರಕಾರದ ಇನ್‌ಸ್ಕ್ರಿಪ್ಟ್ ಕ್ರಮದಲ್ಲಿ ಅದೇ ಕೆಲಸಕ್ಕೆ ಡಿ. ಈ ಪೆಟ್ಟಿಗೆಯಲ್ಲಿ ಮೊದಲು ಸಿಕ್ಕಿದ್ದು ಎರಡನೆಯದು. ನನ್ನ ಬೆರಳಿಗೆ ಬರುವುದು ಮೊದಲನೆಯದು. ಅರ್ಧ ದಿನ ‘ಅಮ್ಮ’ ಎಂದು ಬರೆಯಲು ಹೋಗಿ ಏನೇನೋ ಬರೆದೆ. ಮಗಳು ಸರಿಮಾಡಿ ಕೊಟ್ಟಳು. ಇನ್ನು ತೆರೆಯ ಮೇಲೆಯೇ ಮೂಡುವ ಕನ್ನಡ ಕೀಲಿಮಣೆ ಅರ್ಧ ತೆರೆಯನ್ನು ನುಂಗುತ್ತದೆ. ಅದರಲ್ಲಿ ಕಾಗದಕ್ಕೆ ಸಹಿ ಹಾಕುವಷ್ಟು ಬರೆಯಬಹುದು, ಅಂಕಣ ಬರೆಯಲಾಗದು. ತಪ್ಪಿದ ಒತ್ತಿನ ಮೇಲೆ ಬೆರಳಿಟ್ಟರೆ ಬೆರಳೇ ಆ ಸಾಲನ್ನು ಮುಚ್ಚಿಬಿಡುತ್ತದೆ.

ಬೆಳಕಿನಲ್ಲಿ ನೋಡಬೇಕೆಂದು ಗ್ಯಾಲರಿಗೆ ಒಯ್ದೆ. ಸ್ಪರ್ಶದ ತೆರೆಗೆ ನುಣುಪು ಗಾಜಿನ ಹೊದಿಕೆ. ಹಿಂದಿನ ಕಟ್ಟಡ, ಮೆಟ್ರೋದ ಕಂಬ, ನನ್ನ ಬೋಳು ತಲೆ ಎಲ್ಲವೂ ಅದರಲ್ಲಿ ಕಂಡವು. ಅಕ್ಷರ ಮಾತ್ರ ಕಷ್ಟದಿಂದ ಕಂಡಿತು. ಮನೆಯೊಳಗೆ ಕಿಟಕಿಗೆ ಬೆನ್ನು ಹಾಕದೆ ಕೂತರೆ ಸರಿ. ಗಾಜು ಒಡೆದರೆ ಅದೊಂದನ್ನೇ ಬದಲಿಸಲಾಗದು; ಅದಕ್ಕೆ ಅಂಟಿದ ತೆರೆಯನ್ನೂ ಕೂಡಿಯೇ ಬದಲಿಸಬೇಕು. ಒಡೆದದ್ದಕ್ಕೆ ಸಾಮಾನ್ಯ ಗ್ಯಾರಂಟಿ ಬರುವುದಿಲ್ಲ. ಮಕ್ಕಳಿರುವ ಮನೆಯವರು ಇದನ್ನು ಯೋಚಿಸಬೇಕು.

ಬ್ಯಾಟರಿಯ ಲೆಕ್ಕ ಹೀಗೆ. ಜಾಹೀರಾತಿನಲ್ಲಿ ೧೪ ಗಂಟೆ ಎಂದಿದೆ. ಬ್ಯಾಟರಿಯ ಶಕ್ತಿ ಹೊಸದಿದ್ದಾಗ ೫೪ ವ್ಯಾಟ್-ಗಂಟೆ; ಎಂಟು ತಿಂಗಳ ಬಳಕೆಯಿಂದ ೫೦ಕ್ಕೆ ಇಳಿದಿದೆಯೆಂದು ಯಂತ್ರವೇ ವರದಿ ಕೊಟ್ಟಿತು. ಬೆಳಿಗ್ಗೆ ೯ಕ್ಕೆ ತಂತಿ ಕಿತ್ತು ಕೆಲಸಕ್ಕೆ ಹಚ್ಚಿದೆವು. ಮಧ್ಯಾಹ್ನ ೩ ಗಂಟೆ ೧೦ ನಿಮಿಷಕ್ಕೆ ಕಣ್ಣು ಮುಚ್ಚಿತು. ೫೦ನ್ನು ಆರು ಚಿಲ್ಲರೆ ಗಂಟೆಗೆ ಭಾಗಿಸಿದರೆ ಸುಮಾರು ೮ ವ್ಯಾಟು ಖರ್ಚು. ೧೪ ಗಂಟೆ ಬರಬೇಕಾದರೆ ಅದು ೪ ವ್ಯಾಟಿಗಿಂತ ಕಡಿಮೆ ತಿನ್ನಬೇಕು; ಅಂದರೆ ತೆರೆ ಮಂಕಾಗಿಸಿ, ಏನೂ ಮಾಡದೆ ಕೂತಿರಬೇಕು. ಬರೆದ ಗಂಟೆಗಳನ್ನು ನಂಬದೆ ಬ್ಯಾಟರಿಯ ಮೈಮೇಲಿನ ವ್ಯಾಟ್-ಗಂಟೆಯನ್ನು ಎಂಟರಿಂದ ಭಾಗಿಸಿರಿ, ಸತ್ಯಕ್ಕೆ ಹತ್ತಿರ ಬರುವಿರಿ. ಮಳೆಗಾಲದಲ್ಲಿ ಹೊತ್ತುಗೊತ್ತಿಲ್ಲದೆ ವಿದ್ಯುತ್ತು ಹೋಗುವ ನಮ್ಮ ಕಡೆ ಆರು ಗಂಟೆ ಸಾಕು.

ಶಾಖದ ವಿಷಯ: ತೆಳ್ಳನೆಯ ಮೈಯಲ್ಲಿ ಗಾಳಿ ಆಡಲು ಜಾಗ ಕಡಿಮೆ. ಗಾಳಿ ಎಳೆಯುವ ಕಂಡಿಗಳು ತಳದಲ್ಲಿವೆ. ಹಾಸಿಗೆಯ ಮೇಲಿಟ್ಟರೆ ಕಂಡಿ ಮುಚ್ಚಿ, ಪಂಖಾ ಕೂಗಿ, ಕಡೆಗೆ ಯಂತ್ರ ತಾನೇ ವೇಗ ಕಡಿಮೆ ಮಾಡಿಕೊಳ್ಳುತ್ತದೆ. ಹಲಗೆಯ ಮೇಲಿಟ್ಟು ಕೆಲಸ ಮಾಡಬೇಕು.

ಇಷ್ಟೆಲ್ಲ ದೋಷ ಹೇಳಿದೆನಲ್ಲ, ಈಗ ನಿಜ ಹೇಳುತ್ತೇನೆ. ನನಗೆ ಅದು ಬಹಳ ಮನಸ್ಸಿಗೆ ಬಂದಿತ್ತು. ಒಂದು ಕಣ್ಣಿಗೆ ಪೊರೆ ತೆಗೆಸಿದ್ದೇನೆ, ಇನ್ನೊಂದಕ್ಕೆ ಆಗಬೇಕು. ಬಲಗೈಯ ಎರಡು ಬೆರಳು ಬೆಳಗಿನ ಹೊತ್ತು ಮಡಚುವುದಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು ಅದನ್ನು ಮೇಜಿನ ಮೇಲಿಟ್ಟುಕೊಂಡು ಹಳೆಯ ಕನ್ನಡ ಪುಸ್ತಕಗಳನ್ನು ಓದುತ್ತಿದ್ದೆ. ಎರಡು ಬೆರಳನ್ನು ಗಾಜಿನ ಮೇಲಿಟ್ಟು ಅಗಲಿಸಿದರೆ ಅಕ್ಷರ ಅವರೆಕಾಳಿನಷ್ಟಾಗುತ್ತಿತ್ತು. ಪುಟ ಸರಿಸಲು ಒಂದು ಬೆರಳು ಸಾಕು. ಎಷ್ಟೋ ವರ್ಷಗಳ ಮೇಲೆ ಕನ್ನಡಕದ ಜಗಳವಿಲ್ಲದೆ ನೂರು ಪುಟ ಓದಿದೆ.

ಇದನ್ನು ಮಗಳು ಯಾವಾಗ ನೋಡಿದಳೋ! ಅಮಾವಾಸ್ಯೆಯ ಹಿಂದಿನ ದಿನ ಅವಳು, “ಅಪ್ಪಾ, ಇದನ್ನ ತಗೊಂಡ ಬಿಡೋಣ. ತಮ್ಮನೂ ಇಷ್ಟ ಕಡಿಮಿಗೆ ಕೊಡಲಿಕತ್ತಾನ” ಎಂದಳು.

“ನಿನ್ನ ಕೆಲಸಕ್ಕ ಸಾಕಾಗ್ತದೇನು?” ಎಂದು ಕೇಳಿದೆ.

“ಹೊಂದಿಸಿಕೋತೀನಿ.”

ಮೂವತ್ತುನಾಲ್ಕು ವರ್ಷ ಆಫೀಸಿನಲ್ಲಿದ್ದವನಿಗೆ ‘ಹೊಂದಿಸಿಕೋತೀನಿ’ ಎಂಬ ಮಾತಿನ ಅರ್ಥ ಗೊತ್ತು. ಒತ್ತಿ ಕೇಳಿದೆ. ಆಗ ಹೊರಬಿತ್ತು. ಆ ಪೆಟ್ಟಿಗೆಯ ನೆನಪಿನ ಶಕ್ತಿ, ಇವರು ರ‍್ಯಾಮ್ ಎನ್ನುವುದು, ೮ ಜಿಬಿ. ಅವಳ ಕೆಲಸ ತಂತ್ರಾಂಶಗಳನ್ನು ಪರೀಕ್ಷಿಸುವುದು. ಒಂದು ಗಣಕದೊಳಗೆ ಇನ್ನೊಂದು ಗಣಕವನ್ನು ನಟಿಸಬೇಕಾಗುತ್ತದೆಯಂತೆ. ಅದಕ್ಕೆ ೧೬ ಆದರೂ ಬೇಕು. ಸಂಗ್ರಹಕ್ಕೆ ಇರುವ ಜಾಗ ಮನೆಯ ಉಗ್ರಾಣವಿದ್ದಂತೆ, ರ‍್ಯಾಮ್ ಅಡಿಗೆಯ ಕಟ್ಟೆ ಇದ್ದಂತೆ. ಉಗ್ರಾಣ ಎಷ್ಟು ದೊಡ್ಡದಿದ್ದರೂ ಕಟ್ಟೆ ಚಿಕ್ಕದಿದ್ದರೆ ಪ್ರತಿಯೊಂದು ಡಬ್ಬಿಗೂ ಒಳಗೆ ಹೊರಗೆ ತಿರುಗಬೇಕು. ಹಳೆಯ ದಪ್ಪ ಲ್ಯಾಪ್‌ಟಾಪುಗಳಲ್ಲಿ ತಿರುಪು ಬಿಚ್ಚಿ ಕಟ್ಟೆಯನ್ನು ದೊಡ್ಡದು ಮಾಡಬಹುದಾಗಿತ್ತು. ತೆಳ್ಳನೆಯ ಬಹುಪಾಲು ಪೆಟ್ಟಿಗೆಗಳಲ್ಲಿ ಜಾಗ ಉಳಿಸುವುದಕ್ಕಾಗಿ ಅದನ್ನು ತಾಯಿಹಲಗೆಗೇ ಬೆಸುಗೆ ಹಾಕಿರುತ್ತಾರೆ. ಕೊಂಡ ದಿನ ಎಷ್ಟೋ, ಕೊನೆಯ ದಿನವೂ ಅಷ್ಟೇ. ಇದೂ ಅಂಥದೇ. ಮುಟ್ಟಬಹುದಾದ ತೆರೆಯನ್ನು ಮುಟ್ಟಿ ಮುಟ್ಟಿ ನಾವು ಸಂತೋಷಪಟ್ಟೆವು. ಮುಟ್ಟಲಾಗದ ಈ ಕೊರತೆಯನ್ನು ಅವಳು ಮೊದಲ ದಿನವೇ ಬಲ್ಲಳು, ಹೇಳಿರಲಿಲ್ಲ.

ಅಂದು ರಾತ್ರಿ ಒಂದು ಹಾಳೆಯಲ್ಲಿ ಎರಡು ಕಾಲಮು ಎಳೆದು ಬರೆದೆ. ಒಂದರಲ್ಲಿ ‘ಅವಳಿಗೆ’, ಇನ್ನೊಂದರಲ್ಲಿ ‘ನನಗೆ’. ತೂಕ, ಕೀಲಿ, ಬ್ಯಾಟರಿ ಎರಡೂ ಕಡೆ ಬಂದವು. ಸ್ಪರ್ಶ ಎಂಬುದು ನನ್ನ ಕಾಲಮಿನಲ್ಲಿ ಮಾತ್ರ. ರ‍್ಯಾಮ್ ಎಂಬುದು ಅವಳ ಕಾಲಮಿನಲ್ಲಿ ಮಾತ್ರ. ಈ ಮನೆಯಲ್ಲಿ ಈಗ ದುಡಿಯಲು ಹೊರಡಬೇಕಾದ ಕೈ ಯಾವುದು ಎಂದು ಕೆಳಗೆ ಬರೆದು, ಹಾಳೆಯನ್ನು ಅವಳ ಚೀಲದಲ್ಲಿಟ್ಟು ಮಲಗಿದೆ. ಬೆಳಿಗ್ಗೆ ಅವಳು ಏನೂ ಹೇಳದೆ ಚಹಾ ತಂದುಕೊಟ್ಟಳು.

ತಮ್ಮನ ಮಗನಿಗೆ ಮರಳಿ ಕೊಡುವಾಗ ನನಗೇ ಸಂಕೋಚವಾಯಿತು. ಅವನು ನಕ್ಕು, “ಕಾಕಾ, ನನಗೂ ಅದ ಕಾರಣಕ್ಕ ಬ್ಯಾರೆ ತರಬೇಕಾತು” ಎಂದ. ಮೊದಲೇ ಹೇಳಬಾರದಾಗಿತ್ತೇ ಎಂದರೆ, “ನೀವು ಕೇಳಲಿಲ್ಲ” ಎಂದ. ವಾಚಕರೇ, ಹಳೆಯ ಸಾಮಾನು ಕೊಳ್ಳುವಾಗ ‘ಯಾಕೆ ಮಾರುತ್ತೀ’ ಎಂಬುದು ಮೊದಲ ಪ್ರಶ್ನೆಯಾಗಬೇಕು, ಮಾರುವವನು ಮನೆಯ ಮಗನೇ ಆಗಿದ್ದರೂ.

ಘಟಸ್ಥಾಪನೆಯ ದಿನ ಹೊಸದು ತಂದೆವು. ಸ್ಪರ್ಶವಿಲ್ಲದ ಮಂದ ತೆರೆ, ೧೬ ಜಿಬಿ, ತೂಕ ೧ ಕಿಲೋ ೪೦೦ ಗ್ರಾಮು, ಬೆಲೆ ೬೨,೦೦೦. ಉಳಿದ ಆರು ಸಾವಿರ ಮೊಮ್ಮಗನ ಶಾಲೆಯ ಬಸ್ಸಿಗೆ ಹೋಯಿತು. ಖಂಡೇನವಮಿಗೆ ನನ್ನ ಹಳೆಯ ಟೈಪ್‌ರೈಟರಿನ ಪಕ್ಕದಲ್ಲಿ ಅದನ್ನಿಟ್ಟು ಕುಂಕುಮ ಹಚ್ಚಿದೆವು. ತೆರೆಗಲ್ಲ, ಮುಚ್ಚಳಕ್ಕೆ. ಮಗಳಿಗೆ ಎರಡು ಸಂದರ್ಶನ ಆಗಿವೆ, ಮೂರನೆಯದರ ಉತ್ತರ ಬರಬೇಕಾಗಿದೆ. ಸಂದರ್ಶನದ ಹೊತ್ತು ನಾವು ಮುದುಕ ಮುದುಕಿ ಕುಕ್ಕರಿನ ಸೀಟಿ ಕೂಗದಂತೆ ಒಲೆ ಆರಿಸಿ ಅಡಿಗೆಮನೆಯಲ್ಲಿ ಕೂತಿರುತ್ತೇವೆ.

ಕೊಳ್ಳುವವರಿಗೆ ಸಾರಾಂಶ: ಓದುವುದು, ಚಿತ್ರ ನೋಡುವುದು ಹೆಚ್ಚಾಗಿದ್ದರೆ, ಕಣ್ಣು ಬೆರಳು ನನ್ನಂತಾಗಿದ್ದರೆ, ಸ್ಪರ್ಶದ ತೆರೆ ಉಪಕಾರಿ. ಬಡಿಯುವ ಕೆಲಸವಿದ್ದರೆ ಅದರ ದುಡ್ಡನ್ನು ರ‍್ಯಾಮಿಗೆ ಹಾಕಿರಿ. ಎಲ್ಲಕ್ಕೂ ಮೊದಲು, ಕಂಪನಿಯ ಪೆಟ್ಟಿಗೆಯಲ್ಲಿ ಮನೆಯ ಫೋಟೋ, ಮನೆಯ ಕಾಗದ ಇಟ್ಟಿದ್ದರೆ, ಈ ಸಂಚಿಕೆ ಓದಿ ಮುಗಿಸಿದ ಕೂಡಲೆ ಅವುಗಳಿಗೆ ನಿಮ್ಮದೇ ಆದ ಒಂದು ಜಾಗ ನೋಡಿರಿ.

ಕಡೆಯದಾಗಿ ಒಂದು ಬಿನ್ನಹ. ಕರಡು ಹೋದರೂ ಅಂಕಣಗಳು ನಮ್ಮ ಪತ್ರಿಕೆಯಲ್ಲಿ ಅಚ್ಚಾಗಿವೆ. ನನ್ನಲ್ಲಿರುವ ಕಟ್ಟಿನಲ್ಲಿ ಮೂರು ಸಂಚಿಕೆ ಇಲ್ಲ. ಒಂದರ ಪುಟದಲ್ಲಿ ಯಾರೋ ಚುರುಮುರಿ ಕಟ್ಟಿದ್ದಾರೆ. ಯಾರ ಮನೆಯಲ್ಲಾದರೂ ಹಳೆಯ ಸಂಚಿಕೆಗಳು ಅಟ್ಟದ ಮೇಲೆ ಉಳಿದಿದ್ದರೆ ರಾಜ್ಯೋತ್ಸವದ ದಿನ ಸಂಘಕ್ಕೆ ಬರುವಾಗ ತನ್ನಿರಿ. ಅಲ್ಲೇ ಕೂತು ಹೊಸ ಪೆಟ್ಟಿಗೆಯಲ್ಲಿ ಬಡಿದುಕೊಂಡು, ಚಹಾ ಕುಡಿಸಿ ಮರಳಿ ಕೊಡುತ್ತೇನೆ.